ಹೆದ್ದಾರಿಯ ಪ್ರವೇಶವೂ ಲಾರಿಗಳ ಸಹವಾಸವೂ

ಮೋಟಾರು ವಾಹನವನ್ನು ನಡೆಸುವವನು ದಾರಿಯಲ್ಲಿ ಮಾಡಬೇಕಾದ ಕಾರ್ಯಗಳಲ್ಲಿ ಬಹುಭಾಗವು ನಿಂತು ನೋಡಿ ಮಾಡಬಹುದಾದಂಥವು. ಚೌಕದಲ್ಲಿ ದೀಪ ಕೆಂಪಾದರೆ ಅವನು ನಿಲ್ಲುತ್ತಾನೆ. ಇಕ್ಕಟ್ಟಾದ ಸೇತುವೆಯ ಮೇಲೆ ಎದುರಿನಿಂದ ಬಸ್ಸು ಬಂದರೆ ಬದಿಗೆ ಸರಿದು ಕಾಯುತ್ತಾನೆ. ಸಂದೇಹ ತೋರಿದಾಗಲೆಲ್ಲ ಬ್ರೇಕಿನ ಮೇಲೆ ಕಾಲಿಡಬೇಕೆಂಬ ಸೂತ್ರವನ್ನು ಅವನಿಗೆ ವಾಹನ ಕಲಿಸಿದಾತನೇ ಮೊದಲ ದಿನ ಬೋಧಿಸಿರುತ್ತಾನೆ. ಆದರೆ ಈ ಸೂತ್ರವು ತಲೆಕೆಳಗಾಗುವ ಸ್ಥಳವೊಂದುಂಟು. ಅಡ್ಡದಾರಿಗಳೂ ಸಿಗ್ನಲ್ಲುಗಳೂ ಇಲ್ಲದ ವೇಗದ ಹೆದ್ದಾರಿಗೆ ಪಕ್ಕದಿಂದ ಬಂದು ಕೂಡಿಕೊಳ್ಳುವೆಡೆಯಲ್ಲಿ ಸಂದೇಹಪಟ್ಟು ಬ್ರೇಕೊತ್ತಿದವನು ತನ್ನ ಅಪಾಯವನ್ನು ತಾನೇ ಹೆಚ್ಚಿಸಿಕೊಳ್ಳುತ್ತಾನೆ; ಏಕೆಂದರೆ ಅವನು ನಿಧಾನಗೊಂಡಷ್ಟೂ ಅವನಿಗೂ ಹೆದ್ದಾರಿಯ ಪ್ರವಾಹಕ್ಕೂ ನಡುವಣ ವೇಗದ ಅಂತರವು ಹಿಗ್ಗುತ್ತದೆ, ಆ ಅಂತರವನ್ನು ತುಂಬಿಕೊಳ್ಳಲು ವೇಗವನ್ನೇರಿಸಲೆಂದು ಕಟ್ಟಿರುವ ಪ್ರವೇಶದ ಪಟ್ಟಿಯಲ್ಲಿ ಮುಂದೆ ಉಳಿದಿರುವ ಭಾಗವು ಕುಗ್ಗುತ್ತದೆ, ಮತ್ತು ಅದೇ ಪಟ್ಟಿಯಲ್ಲಿ ಹಿಂದಿನಿಂದ ಬರುತ್ತಿರುವ ಇನ್ನೊಬ್ಬನು, ಈತನು ಹೋಗಿಯೇ ಹೋದನೆಂದು ಭಾವಿಸಿ, ತನ್ನ ದೃಷ್ಟಿಯನ್ನು ಆಗಲೇ ಬಲಗಡೆಗೆ ತಿರುಗಿಸಿಬಿಟ್ಟಿರುತ್ತಾನೆ.

ಹಾಗೆ ಕೂಡಿಕೊಳ್ಳುವ ಎಡಸಾಲಿನಲ್ಲಿ ಆಗ ಯಾರಿರುತ್ತಾರೆ ಎಂದು ಕೇಳಿದರೆ, ಎಡಬದಿಯಲ್ಲಿ ವಾಹನ ನಡೆಸುವ ನಾಡುಗಳಲ್ಲಿ ಉತ್ತರವು ಬಹುಮಟ್ಟಿಗೆ ಒಂದೇ: ಲಾರಿಗಳು. ಆದುದರಿಂದ ಹೆದ್ದಾರಿಯನ್ನು ಪ್ರವೇಶಿಸುವ ಪ್ರಶ್ನೆಯೂ ಲಾರಿಗಳೊಡನೆ ರಸ್ತೆಯನ್ನು ಹಂಚಿಕೊಳ್ಳುವ ಪ್ರಶ್ನೆಯೂ ಬೇರೆಬೇರೆಯೆಂದು ತೋರಿದರೂ ವಸ್ತುತಃ ಒಂದೇ. ಇದನ್ನು ಚಾಲಕರ ಗುಣದೋಷಗಳ ವಿಚಾರವೆಂದೆಣಿಸಿ, ಒಬ್ಬನಿಗೆ ಸೌಜನ್ಯವಿಲ್ಲವೆಂದೂ ಮತ್ತೊಬ್ಬನಿಗೆ ತಾಳ್ಮೆಯಿಲ್ಲವೆಂದೂ ತೀರ್ಪು ಕೊಡುವುದು ವಾಡಿಕೆ. ಸೌಜನ್ಯ ಬೇಡವೆನ್ನುವವನು ನಾನಲ್ಲ; ಆದರೆ ಈ ವಿಷಯವನ್ನು ತುಸು ಹತ್ತಿರದಿಂದ ನೋಡಿದಾಗ ಅದು ಮೊದಲಿಗೆ ಕ್ಷಣಗಳ ಲೆಕ್ಕವೆಂದೇ ನನಗೆ ತೋರುತ್ತದೆ. ರಸ್ತೆಯ ರಚನೆಯೂ ಯಂತ್ರದ ಸ್ವಭಾವವೂ ಕಾನೂನೂ ಕೂಡಿ ಯಾರಿಗೆ ಎಷ್ಟು ಸೆಕೆಂಡುಗಳ ಅವಕಾಶವನ್ನು ಕೊಟ್ಟಿವೆ ಎಂಬುದು ನಿಶ್ಚಯವಾದ ಮೇಲೆಯೇ ಚಾಲಕನ ಗುಣಕ್ಕೆ ಕೆಲಸ.

ಈ ಲೆಕ್ಕವನ್ನು ಜಗತ್ತಿನಲ್ಲಿ ಮೊದಲು ಹಾಕಿದವರು ಬ್ರಿಟಿಷರಲ್ಲ. ಜರ್ಮನಿಯಲ್ಲಿ ಕಲೋನಿನಿಂದ ಬಾನ್ ನಗರಕ್ಕೆ ಅಡ್ಡದಾರಿಗಳಿಲ್ಲದ ಮೋಟಾರು ರಸ್ತೆಯು 1932ರಲ್ಲಿಯೇ ತೆರೆದಿತ್ತು. ಆದರೂ ನಮ್ಮಂತೆಯೇ ರಸ್ತೆಯ ಎಡಬದಿಯನ್ನು ಹಿಡಿದು, ಬಲಗಡೆಯ ಆಸನದಲ್ಲಿ ಕುಳಿತು ವಾಹನ ನಡೆಸುವ ಬ್ರಿಟನ್ನಿನ ಅನುಭವವು ನಮಗೆ ಹೆಚ್ಚು ಉಪಯುಕ್ತವಾದುದು. 1958ರ ಡಿಸೆಂಬರ್ 5ರಂದು ಪ್ರಧಾನಿ ಹೆರಾಲ್ಡ್ ಮ್ಯಾಕ್ಮಿಲನ್ ಅವರು ಲ್ಯಾಂಕಷೈರ್ ಸೀಮೆಯ ಪ್ರೆಸ್ಟನ್ ಊರನ್ನು ಬಳಸಿ ಹೋಗುವ ಸುಮಾರು ಎಂಟು ಮೈಲಿಯ ರಸ್ತೆಯನ್ನು ತೆರೆದರು. ಆ ದೇಶದ ಮೊದಲನೆಯ ಮೋಟಾರ್‌ವೇ ಅದೇ, ಇಂದು ಎಂ6 ಎಂಬ ಉದ್ದನೆಯ ರಸ್ತೆಯ ಒಂದು ತುಂಡಾಗಿ ಹೋಗಿದೆ. ಮರುವರ್ಷದ ನವೆಂಬರ್ 2ರಂದು ಎಂ1ರ ಮೊದಲ ಭಾಗವು ತೆರೆಯಿತು. ಆ ಮೊದಲ ದಿನಗಳಲ್ಲಿ ವೇಗಕ್ಕೆ ಮಿತಿಯಿರಲಿಲ್ಲ, ಎರಡು ದಿಕ್ಕುಗಳ ವಾಹನಗಳ ನಡುವೆ ತಡೆಬೇಲಿಯೂ ಇರಲಿಲ್ಲ. ಗಂಟೆಗೆ 70 ಮೈಲಿಯ, ಎಂದರೆ ಸುಮಾರು 112 ಕಿಲೋಮೀಟರಿನ ಮಿತಿಯು 1965ರ ಡಿಸೆಂಬರಿನಲ್ಲಿ ಪರೀಕ್ಷಾರ್ಥವಾಗಿ ಬಂದು 1967ರಲ್ಲಿ ಸ್ಥಿರವಾಯಿತು. ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕುವ ಸಂಗತಿಗಳು. ನನ್ನನ್ನು ಹೆಚ್ಚು ಚಕಿತಗೊಳಿಸುವ ಸಂಗತಿ ಬೇರೆಯದು: ಇಂಗ್ಲೆಂಡಿನಲ್ಲಿ ಕಲಿಯುತ್ತಿರುವ ಚಾಲಕನು ಬೋಧಕನ ಸಂಗಡವೂ ಮೋಟಾರ್‌ವೇಯ ಮೇಲೆ ಕಾಲಿಡುವಂತಿರಲಿಲ್ಲ, ಆ ನಿಷೇಧವು ತೆರವಾದುದು 2018ರ ಜೂನ್ 4ರಂದು. ಎಂದರೆ ಅರವತ್ತು ವರ್ಷಗಳ ಕಾಲ ಆ ನಾಡಿನ ಜನ ಮೊದಲು ಲೈಸೆನ್ಸನ್ನು ಪಡೆದು, ಆಮೇಲೆ, ಅತ್ಯಂತ ವೇಗದ ರಸ್ತೆಯನ್ನು ಹೊಗುವ ವಿದ್ಯೆಯನ್ನು ತಮ್ಮಷ್ಟಕ್ಕೆ ತಾವೇ, ಪಕ್ಕದಲ್ಲಿ ಬೋಧಕನಿಲ್ಲದೆ, ಮೊದಲನೆಯ ಸಲವೇ ನಿಜವಾದ ಲಾರಿಗಳ ನಡುವೆ ಕಲಿತರು.

ಕಲಿಯಬೇಕಾದುದನ್ನು ಹೈವೇ ಕೋಡ್ ಎಂಬ ಅಲ್ಲಿನ ಕೈಪಿಡಿಯ 259ನೆಯ ನಿಯಮವು ಕೆಲವೇ ಮಾತುಗಳಲ್ಲಿ ಹೇಳುತ್ತದೆ. ಮೋಟಾರ್‌ವೇಯ ಮೇಲೆ ಆಗಲೇ ಇರುವ ವಾಹನಗಳಿಗೆ ಆದ್ಯತೆ ಕೊಡತಕ್ಕದ್ದು. ಪ್ರವಾಹದ ವೇಗಕ್ಕೆ ತನ್ನ ವೇಗವನ್ನು ಹೊಂದಿಸಿಕೊಂಡು ಎಡಸಾಲನ್ನು ಸೇರತಕ್ಕದ್ದು. ಸಾಲುಗಳನ್ನು ಬೇರ್ಪಡಿಸುವ ಅಖಂಡವಾದ ಬಿಳಿಗೆರೆಯನ್ನು ದಾಟಕೂಡದು. ಸೇರಿದ ಮೇಲೆ ಅಲ್ಲಿನ ವೇಗವು ರೂಢಿಯಾಗುವ ತನಕ ಮುಂದಿನವರನ್ನು ಹಿಂದಿಕ್ಕುವ ಯೋಚನೆಯನ್ನೇ ಮಾಡಕೂಡದು. ಕೇಳುವುದಕ್ಕೆ ಸರಳ; ಆದರೆ ಮೊದಲ ಎರಡು ವಿಧಿಗಳು ಒಂದನ್ನೊಂದು ಎಳೆದಾಡುವುದನ್ನು ಗಮನಿಸಬೇಕು. ಆದ್ಯತೆ ಕೊಡೆಂದರೆ ತಡೆ ಎಂದಂತಾಯಿತು, ವೇಗ ಹೊಂದಿಸೆಂದರೆ ನಡೆ ಎಂದಂತಾಯಿತು. ಎರಡನ್ನೂ ಒಟ್ಟಿಗೆ ಪಾಲಿಸಲು ಇರುವ ದಾರಿ ಒಂದೇ: ಪಟ್ಟಿಯ ಕೊನೆಯಲ್ಲಿ ಅಲ್ಲ, ಅದರ ಮೊದಲಲ್ಲಿಯೇ ಬಲಗಡೆಯ ಕನ್ನಡಿಯನ್ನು ನೋಡಿ, ಒಮ್ಮೆ ಹೆಗಲಿನ ಮೇಲಿಂದಲೂ ಹೊರಳಿ ನೋಡಿ, ಬರುತ್ತಿರುವ ಸಾಲಿನಲ್ಲಿ ತನಗೆ ಒದಗಬಹುದಾದ ತೆರಪು ಯಾವುದೆಂದು ಗೊತ್ತುಮಾಡಿಕೊಂಡು, ಇಂಡಿಕೇಟರನ್ನು ಹಾಕಿ, ಆ ತೆರಪು ಪಟ್ಟಿಯ ಅಂತ್ಯಕ್ಕೆ ಬರುವ ಹೊತ್ತಿಗೆ ತಾನೂ ಅಲ್ಲಿರುವಂತೆ ವೇಗವನ್ನು ಏರಿಸುತ್ತ ಬರುವುದು. ಬ್ರಿಟನ್ನಿನಲ್ಲಿ ಊರಿನ ರಸ್ತೆಯು ಮೋಟಾರ್‌ವೇಯ ಮೇಲಿನ ಸೇತುವೆಯಿಂದ ಹಾಯ್ದು ಸ್ಲಿಪ್ ರಸ್ತೆಯಾಗಿ ಕೆಳಗಿಳಿಯುವ ಏರ್ಪಾಡು ಅನೇಕ ಕಡೆ ಇರುವುದರಿಂದ, ಇಳಿಯುವವನಿಗೆ ಎತ್ತರದಿಂದ ಇಡೀ ಸಾಲು ಕಾಣುತ್ತದೆ, ಇಳಿಜಾರೇ ವೇಗಕ್ಕೆ ನೆರವಾಗುತ್ತದೆ. ಹೊರಗೆ ಹೋಗುವವನಿಗೆ ಏರು ಇರುವುದರಿಂದ ಅವನ ವೇಗವು ತಾನಾಗಿ ಇಳಿಯುತ್ತದೆ. ಚಾಲಕನಿಗೆ ತಿಳಿಯದಂತೆಯೇ ರಸ್ತೆಯ ಎಂಜಿನಿಯರನು ಮಾಡಿಟ್ಟ ಉಪಕಾರವಿದು.

ಎಲ್ಲ ಕಡೆಯೂ ಉಪಕಾರವೇ ಆಗಿರುವುದಿಲ್ಲ. ಗಂಟೆಗೆ 60 ಕಿಲೋಮೀಟರಿನಿಂದ 90ಕ್ಕೆ ಸಾಮಾನ್ಯವಾದ ಕಾರೊಂದು ಆತುರವಿಲ್ಲದೆ ಏರಬೇಕಾದರೆ ಎಂಟು ಸೆಕೆಂಡುಗಳೂ ಸುಮಾರು 170 ಮೀಟರಿನ ದಾರಿಯೂ ಬೇಕಾಗುತ್ತವೆ. ಆ ದಾರಿಯನ್ನು ಒದಗಿಸದ ಹಳೆಯ ಕೂಡುದಾರಿಗಳು ಆ ನಾಡಿನಲ್ಲಿ ಇಂದಿಗೂ ಉಂಟು. ವೇಲ್ಸಿನ ಪೋರ್ಟ್ ಟಾಲ್ಬಟ್ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮನೆಗಳ ಸಾಲು, ಇವೆರಡರ ಸಂದಿನಲ್ಲಿ ತೂರಿಸಿ 1966ರಲ್ಲಿ ತೆರೆದ ರಸ್ತೆಯು ಇಂದು ಎಂ4ರ ಭಾಗ. ಅದರ ಕೂಡುದಾರಿಗಳು ಒಂದಕ್ಕೊಂದು ತೀರ ಹತ್ತಿರ, ಪ್ರವೇಶದ ಪಟ್ಟಿಗಳು ತೀರ ಮೋಟು. ಅಲ್ಲಿ ವೇಗವನ್ನು 50 ಮೈಲಿಗೆ ಇಳಿಸಿಯೂ ಸಾಲದೆ, 2014ರಲ್ಲಿ 41ನೆಯ ಕೂಡುದಾರಿಯ ಪಶ್ಚಿಮಾಭಿಮುಖವಾದ ಪ್ರವೇಶವನ್ನು ದಟ್ಟಣೆಯ ವೇಳೆಗಳಲ್ಲಿ ಪ್ರಾಯೋಗಿಕವಾಗಿ ಮುಚ್ಚಿ ನೋಡಿದರು. ಊರಿನ ವರ್ತಕರೂ ನಿವಾಸಿಗಳೂ ಇದರಿಂದ ಸಿಟ್ಟಾದರು. ಹೊರಗಿನ ಪ್ರಯಾಣಿಕನಿಗೆ ಅನುಕೂಲವಾದುದು ಊರಿನವನಿಗೆ ಬಾಗಿಲು ಮುಚ್ಚಿದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಉಪಾಯವನ್ನು 1986ರಲ್ಲಿ ವಾಲ್ಸಾಲ್ ಬಳಿ ಎಂ6ರ ಹತ್ತನೆಯ ಕೂಡುದಾರಿಯಲ್ಲಿ ಪರೀಕ್ಷಿಸಿದರು: ಸ್ಲಿಪ್ ರಸ್ತೆಯಲ್ಲಿ ಸಿಗ್ನಲ್ ನೆಟ್ಟು, ದಟ್ಟಣೆ ಹೆಚ್ಚಾದಾಗ ವಾಹನಗಳನ್ನು ಹಿಂಡಾಗಿ ನುಗ್ಗಲು ಬಿಡದೆ ಸ್ವಲ್ಪಸ್ವಲ್ಪವಾಗಿ ಒಳಗೆ ಬಿಡುವುದು. ಹತ್ತು ಕಾರುಗಳು ಸಾಲಾಗಿ ಬಂದರೆ ಎಡಸಾಲಿನ ಲಾರಿಗೆ ಕೊಡಲು ತೆರಪೇ ಇರುವುದಿಲ್ಲ; ಒಂದೊಂದಾಗಿ ಬಂದರೆ ಇರುತ್ತದೆ.

   

ಇನ್ನು ಲಾರಿಯ ಕಡೆಗೆ ಬರೋಣ. ಬ್ರಿಟನ್ನಿನಲ್ಲಿ ಹೊರೆ ಸೇರಿ 44 ಟನ್ನು ತೂಗಬಹುದಾದ, 16.5 ಮೀಟರ್ ಉದ್ದದ ಟ್ರೇಲರ್ ಲಾರಿಗೆ ಮೋಟಾರ್‌ವೇಯ ಮೇಲೆ ಗಂಟೆಗೆ 60 ಮೈಲಿ ಹೋಗಲು ಕಾನೂನಿನ ಅನುಮತಿಯಿದ್ದರೂ, ಅದಕ್ಕೆ ಅಳವಡಿಸಿರುವ ವೇಗನಿಯಂತ್ರಕವು 56 ಮೈಲಿಗೆ, ಎಂದರೆ 90 ಕಿಲೋಮೀಟರಿಗೆ, ಅದನ್ನು ಕಟ್ಟಿಹಾಕುತ್ತದೆ. ಮೂರು ಅಥವಾ ಹೆಚ್ಚು ಸಾಲುಗಳಿರುವ ಕಡೆ ಬಲತುದಿಯ ಸಾಲನ್ನು ಅದು ಮುಟ್ಟುವಂತೆಯೇ ಇಲ್ಲ. ಈ ಎರಡು ನಿರ್ಬಂಧಗಳ ಫಲವನ್ನು ಕಾರಿನಲ್ಲಿ ಬರುವವರು ಸಾಮಾನ್ಯವಾಗಿ ಯೋಚಿಸಿರುವುದಿಲ್ಲ. ಪಕ್ಕದಿಂದ ಸೇರಲು ಬರುವವನಿಗೆ ಎಡೆಮಾಡಿಕೊಡಬೇಕಾದರೆ ಯಾವ ವಾಹನಕ್ಕಾದರೂ ಮೂರು ದಾರಿಗಳು: ವೇಗವನ್ನು ಹೆಚ್ಚಿಸಿ ಮುಂದಕ್ಕೆ ಹೋಗಿಬಿಡುವುದು, ಬಲಗಡೆಯ ಸಾಲಿಗೆ ಸರಿಯುವುದು, ವೇಗವನ್ನು ತಗ್ಗಿಸುವುದು. ಮೊದಲನೆಯದನ್ನು ನಿಯಂತ್ರಕವು ಕಿತ್ತುಕೊಂಡಿದೆ. ಎರಡನೆಯದು ಪಕ್ಕದ ಸಾಲು ಖಾಲಿಯಿದ್ದರೆ ಮಾತ್ರ. ಮೂರನೆಯದು ಉಳಿಯಿತು, ಅದಕ್ಕಾದರೂ ನಿಂತ ತೇರನ್ನು ಮತ್ತೆ ಹೊರಡಿಸುವಷ್ಟು ಪ್ರಯಾಸವುಂಟು. ನಲವತ್ತು ಟನ್ನಿನ ಗಾಡಿಯು ಒಮ್ಮೆ ಹತ್ತು ಕಿಲೋಮೀಟರ್ ವೇಗವನ್ನು ಬಿಟ್ಟುಕೊಟ್ಟರೆ, ಏರಿನ ದಾರಿಯಾಗಿದ್ದಲ್ಲಿ, ಅದನ್ನು ಮರಳಿ ಗಳಿಸಲು ಗೇರಿನ ಮೇಲೆ ಗೇರು ಬದಲಿಸುತ್ತ ಬಹುದೂರ ಏದುಸಿರು ಬಿಡಬೇಕಾಗುತ್ತದೆ. ಕಾರಿಗಾದರೋ ಈ ಮೂರು ದಾರಿಗಳೂ ಬಹುಮಟ್ಟಿಗೆ ತೆರೆದಿರುತ್ತವೆ. ಯಾರ ಬಳಿ ಅವಕಾಶವು ಹೆಚ್ಚಾಗಿದೆಯೋ ಅವನೇ ಹೊಂದಿಕೊಳ್ಳುವುದು ನ್ಯಾಯವೆಂದಾದರೆ, ಹೊಂದಿಕೊಳ್ಳಬೇಕಾದವನು ಯಾರೆಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

ಒಂದು ಸಣ್ಣ ಲೆಕ್ಕವನ್ನು ಓದುಗರು ನನ್ನ ಜೊತೆಯಲ್ಲಿ ಹಾಕಿನೋಡಬೇಕೆಂದು ಕೋರುತ್ತೇನೆ. ಗಂಟೆಗೆ 90 ಕಿಲೋಮೀಟರಿನಲ್ಲಿ ಹೋಗುವ ಲಾರಿಯು ಒಂದು ಸೆಕೆಂಡಿನಲ್ಲಿ 25 ಮೀಟರು ಸಾಗುತ್ತದೆ. ಮುಂದಿನ ವಾಹನದಿಂದ ಕನಿಷ್ಠ ಎರಡು ಸೆಕೆಂಡುಗಳ ಅಂತರವಿರಬೇಕೆಂಬ ಪ್ರಸಿದ್ಧವಾದ ನಿಯಮವನ್ನು ಲಾರಿಯವನು ತಪ್ಪದೆ ಪಾಲಿಸಿದನೆನ್ನೋಣ; ಆಗ ಎರಡು ಲಾರಿಗಳ ನಡುವೆ 50 ಮೀಟರಿನ ತೆರಪು ಇರುತ್ತದೆ. ಪಕ್ಕದಿಂದ ಬರುವ ಕಾರಿನವನ ಕಣ್ಣಿಗೆ ಅದು ವಿಶಾಲವಾದ ಬಯಲಿನಂತೆ ಕಾಣುತ್ತದೆ. ನಾಲ್ಕೂವರೆ ಮೀಟರಿನ ತನ್ನ ಕಾರನ್ನು ಅವನು ಅದರ ಸರಿನಡುವೆ ತಂದು ನಿಲಿಸುತ್ತಾನೆ. ಈಗ ಅವನ ಮುಂದೆ ಇಪ್ಪತ್ತಮೂರು ಮೀಟರು, ಹಿಂದೆ ಇಪ್ಪತ್ತಮೂರು ಮೀಟರು: ಎರಡು ಕಡೆಯೂ ಒಂದು ಸೆಕೆಂಡಿಗಿಂತ ಕಡಿಮೆ. ಯಾರೂ ನಿಯಮವನ್ನು ಮೀರಲಿಲ್ಲ, ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಆದರೂ ಒಂದು ಸುರಕ್ಷಿತವಾದ ಅಂತರವು ಎರಡು ಅಪಾಯದ ಅಂತರಗಳಾಗಿ ಒಡೆಯಿತು. ಗಂಟೆಗೆ 70 ಮೈಲಿಯಲ್ಲಿ ಹೋಗುವ ಕಾರು ಪೂರ್ತಿ ನಿಲ್ಲಲು 96 ಮೀಟರು ಬೇಕೆಂದೂ, ಅದರಲ್ಲಿ 21 ಮೀಟರು ಬರಿಯ ಯೋಚನೆಗೇ ವ್ಯಯವಾಗುತ್ತದೆಂದೂ ಹೈವೇ ಕೋಡ್ ಲೆಕ್ಕ ಕೊಡುತ್ತದೆ. ತುಂಬಿದ ಲಾರಿಗೆ ಅದಕ್ಕೂ ಹೆಚ್ಚು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಲಾರಿಯವನು ಮುಂದೆ ಬಿಟ್ಟಿರುವ ತೆರಪು ಇನ್ನೊಬ್ಬರಿಗಾಗಿ ಕಾದಿರಿಸಿದ ಸ್ಥಳವಲ್ಲ, ಅದು ಅವನ ಬ್ರೇಕಿನ ಒಂದು ಅಂಗ. ಅದನ್ನು ಆಕ್ರಮಿಸಿದ ಕಾರಿನವನು ಕೂಡಲೆ ಮುಂದಕ್ಕೆ ಸರಿದು ಹಿಂದಿನ ಅಂತರವನ್ನು ತೆರೆದುಕೊಟ್ಟರೆ ಕ್ಷಮ್ಯ. ಆದರೆ ಸೇರಿದೊಡನೆ ನಿಟ್ಟುಸಿರುಬಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆಯುವವರೇ ಹೆಚ್ಚು. ಯುರೋಪಿನ ಹೊಸ ಲಾರಿಗಳಿಗೆ 2015ರಿಂದ ಕಡ್ಡಾಯವಾಗಿರುವ ಸ್ವಯಂಚಾಲಿತ ತುರ್ತು ಬ್ರೇಕು ಇಂಥ ಸಂದರ್ಭದಲ್ಲಿ ತಾನಾಗಿ ಒತ್ತಿಕೊಳ್ಳಬಹುದು. ಆಗ ಆ ಲಾರಿಯ ಹಿಂದಿರುವವನ ಗತಿಯನ್ನೂ ಎಣಿಸಬೇಕು. ಆದುದರಿಂದ ಲಾರಿಯ ಮುಂದೆ ತೂರುವುದೋ ಅದರ ಹಿಂದೆ ಸೇರುವುದೋ ಎಂಬ ಸಂಶಯ ಬಂದಲ್ಲಿ ಹಿಂದೆ ಸೇರುವುದೇ ಮೇಲು; ಲಾರಿಯು ದಾಟಿಹೋಗುವುದಕ್ಕೆ ಹಿಡಿಯುವ ಎರಡು ಸೆಕೆಂಡನ್ನು ಪಟ್ಟಿಯ ಮೊದಲಲ್ಲಿಯೇ ಲೆಕ್ಕಕ್ಕೆ ತಂದುಕೊಂಡರೆ ಬ್ರೇಕನ್ನು ಮುಟ್ಟುವ ಪ್ರಮೇಯವೂ ಬರುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಕಣ್ಣಿಗೆ ಸಂಬಂಧಿಸಿದ್ದು. ಎಡಬದಿಯ ನಾಡುಗಳಲ್ಲಿ ಲಾರಿಯ ಚಾಲಕನು ಕ್ಯಾಬಿನ್ನಿನ ಬಲಗಡೆಯಲ್ಲಿ, ನೆಲದಿಂದ ಎರಡು ಮೀಟರಿಗೂ ಎತ್ತರದಲ್ಲಿ ಕುಳಿತಿರುತ್ತಾನೆ. ಸೇರಲು ಬರುವ ಕಾರು ಎಡಗಡೆಯಿಂದ, ಅವನಿಂದ ಅತ್ಯಂತ ದೂರವಾದ ಮೂಲೆಯಲ್ಲಿ, ಎಡಬಾಗಿಲಿನ ಕೆಳಗೆ ಬರುತ್ತದೆ. ಎಂದರೆ ಎಲ್ಲಿಂದ ಅತಿಥಿ ಬರುವನೋ ಆ ದಿಕ್ಕಿಗೇ ಅವನಿಗೆ ಕುರುಡು. ಕನ್ನಡಿಗಳು ಹೆಚ್ಚಿದಂತೆಲ್ಲ ಈ ಕುರುಡು ಕಿರಿದಾಗಿದೆ, ಇಲ್ಲವಾಗಿಲ್ಲ. ಐರೋಪ್ಯ ಖಂಡದಿಂದ ಡೋವರ್ ಬಂದರಿಗೆ ಬಂದಿಳಿಯುವ ಲಾರಿಗಳಲ್ಲಿ ಚಾಲಕನ ಆಸನವು ಎಡಗಡೆಯಲ್ಲಿರುವುದರಿಂದ ಅವನಿಗೆ ಸೇರುವವನು ಚೆನ್ನಾಗಿಯೇ ಕಾಣುತ್ತಾನೆ; ಕಂಡು, ದಾಕ್ಷಿಣ್ಯದಿಂದ ಬಲಗಡೆಯ ಸಾಲಿಗೆ ಸರಿಯಹೋದಾಗ ಅಲ್ಲಿ ಪಕ್ಕದಲ್ಲಿರುವ ಕಾರು ಮಾತ್ರ ಅವನಿಗೆ ಕಾಣುವುದಿಲ್ಲ. ಒಬ್ಬನಿಗೆ ತೋರಿದ ಸೌಜನ್ಯವು ಇನ್ನೊಬ್ಬನ ಬಾಗಿಲನ್ನು ಒರೆಸಿಕೊಂಡು ಹೋಗುವ ಈ ಬಗೆಯ ಅಪಘಾತಗಳು ಎಷ್ಟು ಸಾಮಾನ್ಯವಾದುವೆಂದರೆ, ಕಿಟಕಿಯ ಗಾಜಿಗೆ ಅಂಟಿಸಿದರೆ ಪಕ್ಕದ ಸಾಲನ್ನು ತೋರಿಸುವ ತೆಳುವಾದ ಮಸೂರದ ಹಾಳೆಗಳನ್ನು ಅಧಿಕಾರಿಗಳು ಪರದೇಶದ ಚಾಲಕರಿಗೆ ಉಚಿತವಾಗಿ ಹಂಚಿದರು. ಸುಲಭವಾದ, ಅಗ್ಗವಾದ ಇಂಥ ಪರಿಹಾರಗಳ ಬಗ್ಗೆ ನನಗೆ ದೊಡ್ಡ ಯೋಜನೆಗಳ ಮೇಲಿರುವುದಕ್ಕಿಂತ ಹೆಚ್ಚಿನ ಗೌರವ.

ಲಾರಿಯು ಲಾರಿಯನ್ನು ಹಿಂದಿಕ್ಕುವ ದೃಶ್ಯವನ್ನು ಕಂಡು ಸಿಡಿಮಿಡಿಗೊಳ್ಳದ ಕಾರಿನವನು ವಿರಳ. ಜರ್ಮನರು ಇದಕ್ಕೆ ಆನೆಗಳ ಓಟವೆಂದು ಹೆಸರಿಟ್ಟಿದ್ದಾರೆ. ಇಬ್ಬರಿಗೂ ನಿಯಂತ್ರಕಗಳಿದ್ದು ಅವುಗಳ ನಡುವೆ ಗಂಟೆಗೆ ಒಂದೇ ಮೈಲಿಯ ವ್ಯತ್ಯಾಸವಿದ್ದರೆ, ಹಿಂದಿನದು ಮುಂದಿನದನ್ನು ದಾಟಿ ಸಾಕಷ್ಟು ಅಂತರದಲ್ಲಿ ಎಡಸಾಲಿಗೆ ಮರಳಲು ಮೂರು ನಿಮಿಷಗಳೂ ನಾಲ್ಕೂವರೆ ಕಿಲೋಮೀಟರೂ ಹಿಡಿಯುತ್ತವೆ. ಅಷ್ಟರಲ್ಲಿ ಒಂದು ಕೂಡುದಾರಿ ಬಂದರೆ, ಎಡಸಾಲಿನ ಲಾರಿಗೆ ಬಲಕ್ಕೆ ಸರಿಯುವ ದಾರಿಯೂ ಮುಚ್ಚಿರುತ್ತದೆ, ಸೇರುವವನ ಪಾಲಿಗೆ ಉಕ್ಕಿನ ಗೋಡೆಯೇ ಎದುರಾಗುತ್ತದೆ. ಜರ್ಮನಿಯ ಹಾಮ್ ನಗರದ ಉಚ್ಚ ನ್ಯಾಯಾಲಯವು 2008ರಲ್ಲಿ ಇಂಥ ಹಿಂದಿಕ್ಕುವಿಕೆಗೆ 45 ಸೆಕೆಂಡುಗಳನ್ನು ಅಳತೆಗೋಲಾಗಿ ಇಟ್ಟಿತು. ಅದೇ ದೇಶದಲ್ಲಿ ದೊಡ್ಡ ಲಾರಿಗಳಿಗೆ ಭಾನುವಾರ ರಾತ್ರಿ ಹತ್ತರವರೆಗೆ ರಸ್ತೆಯೇ ನಿಷಿದ್ಧ. ವಾರಕ್ಕೊಂದು ದಿನ ಕಾರುಗಳಿಗೆ ಲಾರಿಗಳಿಲ್ಲದ ರಸ್ತೆ ಸಿಕ್ಕುತ್ತದೆ, ಲಾರಿಯವನಿಗೆ ರಸ್ತೆಬದಿಯ ತಂಗುದಾಣದಲ್ಲಿ ಕ್ಯಾಬಿನ್ನಿನೊಳಗೇ ಭಾನುವಾರ ಕಳೆಯುವ ಭಾಗ್ಯ ಸಿಕ್ಕುತ್ತದೆ.

ಹೀಗೆ ಒಂದು ಮೈಲಿಗಾಗಿ ಅವನು ಏತಕ್ಕೆ ಹೆಣಗುತ್ತಾನೆ ಎಂಬುದಕ್ಕೂ ಉತ್ತರವುಂಟು. ಯುರೋಪಿನ ಕಾನೂನಿನಂತೆ ಅವನು ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು; ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ವಾರದಲ್ಲಿ ಎರಡು ದಿನ ಮಾತ್ರ ಹತ್ತು ಗಂಟೆಯವರೆಗೆ, ನಡೆಸುವಂತಿಲ್ಲ; ಡ್ಯಾಷ್‌ಬೋರ್ಡಿನಲ್ಲಿರುವ ಯಂತ್ರವು ಇದೆಲ್ಲವನ್ನೂ ನಿಮಿಷ ಬಿಡದೆ ದಾಖಲಿಸುತ್ತಿರುತ್ತದೆ. ಈ ಚೌಕಟ್ಟಿನೊಳಗೆ ಗೋದಾಮಿನ ಬಾಗಿಲು ಮುಚ್ಚುವುದರೊಳಗಾಗಿ ತಲಪಬೇಕಾದವನಿಗೆ ಒಂದು ಮೈಲಿಯೂ ಲೆಕ್ಕಕ್ಕೆ ಬರುತ್ತದೆ. ಅವನನ್ನು ಒಳ್ಳೆಯವನೆಂದು ಹೊಗಳಬೇಕಾಗಿಲ್ಲ. ಅವನ ಗಡಿಯಾರವನ್ನು ತಿಳಿದಿದ್ದರೆ ಅವನ ನಡೆಯನ್ನು ಮುಂದಾಗಿ ಊಹಿಸಬಹುದು, ಅಷ್ಟೆ.

ಕರ್ನಾಟಕದಿಂದ ಹೋಗಿ ಬ್ರಿಟನ್ನಿನಲ್ಲಿ ನೆಲಸಿದ ವೈದ್ಯರೂ ಎಂಜಿನಿಯರರೂ ಅಲ್ಲಿನ ಕಾನೂನಿನಂತೆ ಮೊದಲ ಹನ್ನೆರಡು ತಿಂಗಳು ತಮ್ಮ ಭಾರತದ ಲೈಸೆನ್ಸಿನಿಂದಲೇ ವಾಹನ ನಡೆಸಬಹುದು. ಎಡಬದಿ ಒಂದೇ, ಆಸನ ಒಂದೇ. ಆದುದರಿಂದ ಹೊಸತೇನೂ ಇಲ್ಲವೆಂಬ ಭ್ರಾಂತಿ ಸುಲಭ. ಆದರೆ ಒಂದು ಸಂಜ್ಞೆಯು ಎರಡು ನಾಡುಗಳಲ್ಲಿ ವಿರುದ್ಧವಾದ ಅರ್ಥಗಳನ್ನು ಕೊಡುತ್ತದೆ. ನಮ್ಮ ಹೆದ್ದಾರಿಯಲ್ಲಿ ಎದುರಿಗಿರುವವನು ಹೆಡ್‌ಲೈಟನ್ನು ಮಿನುಗಿಸಿದರೆ ನಾನು ಬರುತ್ತಿದ್ದೇನೆ, ನೀನು ತಡೆ ಎಂದು ಅರ್ಥ. ಬ್ರಿಟನ್ನಿನಲ್ಲಿ ಲಾರಿಯವನು ಮಿನುಗಿಸಿದರೆ ಬಹುಶಃ ನಿನ್ನ ಬಾಲ ನನ್ನನ್ನು ದಾಟಿತು, ಈಗ ಒಳಗೆ ಬಾ ಎಂದು ಕರೆದಂತೆ. ನಾನಿಲ್ಲಿದ್ದೇನೆ ಎಂಬುದನ್ನು ತಿಳಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಆ ದೀಪವನ್ನು ಬಳಸಬಾರದೆಂದು ಹೈವೇ ಕೋಡ್ ವಿಧಿಸಿದ್ದರೂ ರಸ್ತೆಯ ರೂಢಿ ಅದನ್ನು ಕೇಳಿಲ್ಲ. ಹೊಸಬನು ಯಾವ ಅರ್ಥವನ್ನೂ ನಂಬದೆ ಕನ್ನಡಿಯನ್ನೇ ನಂಬುವುದು ಕ್ಷೇಮ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯು ಇತ್ತೀಚಿನದು. 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಿಯವರು ಉದ್ಘಾಟಿಸಿದ, 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನಡುವೆ ಆರು ಸಾಲುಗಳ ಮುಖ್ಯ ರಸ್ತೆಯೂ ಇಕ್ಕೆಲಗಳಲ್ಲಿ ಸರ್ವಿಸ್ ರಸ್ತೆಗಳೂ ಇವೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ನಿಷೇಧಿಸಿದರು; ಕಾರುಗಳ ವೇಗಕ್ಕೆ 100 ಕಿಲೋಮೀಟರಿನ ಮಿತಿಯನ್ನೂ ಇಟ್ಟರು. ಈ ನಿಷೇಧದಿಂದ ಬಡವನಿಗೆ ಅನ್ಯಾಯವಾಯಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಗಂಟೆಗೆ ನಲವತ್ತರ ಟ್ರ್ಯಾಕ್ಟರೂ ನೂರರ ಕಾರೂ ಒಂದೇ ಸಾಲಿನಲ್ಲಿರುವ ರಸ್ತೆಗೆ ಪಕ್ಕದಿಂದ ಸೇರುವವನು ಯಾವ ವೇಗಕ್ಕೆ ತನ್ನ ವೇಗವನ್ನು ಹೊಂದಿಸಬೇಕು ಎಂಬ ಪ್ರಶ್ನೆಗೂ ಉತ್ತರ ಬೇಕಲ್ಲವೆ?

ಬ್ರಿಟನ್ನಿನ ಸಮಸ್ಯೆಯನ್ನು ಇಲ್ಲಿ ತಂದಿಟ್ಟರೆ ಅದು ಬಹಳ ಕಡೆ ಮಗುಚಿಕೊಳ್ಳುತ್ತದೆ. ಅಲ್ಲಿ ಲಾರಿಯು ರಸ್ತೆಯ ಮೇಲಿರುತ್ತದೆ, ಕಾರು ಸೇರಲು ಬರುತ್ತದೆ; ಇಲ್ಲಿ ಅನೇಕ ವೇಳೆ ಕಾರು ರಸ್ತೆಯ ಮೇಲಿರುತ್ತದೆ, ಸೇರಲು ಬರುವುದು ಲಾರಿ. ನೆಲಮಂಗಲದಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ಹಾಯುವ 48ನೆಯ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲಿ ಒಂದು ಢಾಬಾದ ಅಂಗಳವನ್ನು ನೋಡಿ. ಊಟ ಮುಗಿಸಿದ ಚಾಲಕನು ಹತ್ತು ಚಕ್ರದ ಲಾರಿಯನ್ನು ಮೊದಲನೆಯ ಗೇರಿನಲ್ಲಿ ಎತ್ತಿ, ಮಣ್ಣಿನ ಅಂಚಿನಿಂದ ಡಾಂಬರಿನ ಮೇಲಕ್ಕೆ ಮುಂದಿನ ಚಕ್ರಗಳನ್ನು ಏರಿಸುವಾಗ ಅದರ ವೇಗವು ಮನುಷ್ಯನ ಓಟಕ್ಕಿಂತ ಹೆಚ್ಚಲ್ಲ. ವೇಗವನ್ನು ಗಳಿಸಿಕೊಳ್ಳಲು ಅವನಿಗಾಗಿ ಯಾವ ಪಟ್ಟಿಯನ್ನೂ ಯಾರೂ ಕಟ್ಟಿಲ್ಲ. ಹಿಂದಿನಿಂದ ನೂರರಲ್ಲಿ ಬರುವ ಕಾರಿಗೆ ಅದು ನಿಂತ ಗೋಡೆಗೆ ಸಮಾನ. ರಾತ್ರಿಯಲ್ಲಾದರೆ ಹಿಂದಿನ ದೀಪಗಳು ಧೂಳು ಮುಚ್ಚಿ, ಪ್ರತಿಫಲಿಸುವ ಪಟ್ಟಿಯು ಹರಿದುಹೋಗಿದ್ದರೆ, ಆ ಗೋಡೆಯು ಕಾಣುವುದೂ ಇಲ್ಲ. ಬಂಕುಗಳ ಮುಂದೆಯೂ ಜಲ್ಲಿ ಕ್ರಷರುಗಳ ಬಾಯಲ್ಲಿಯೂ ಇದೇ ಕಥೆ. ಅಲ್ಲಿ ಟಿಪ್ಪರು ಎಂಬುದಷ್ಟೇ ವ್ಯತ್ಯಾಸ.

ಭಾರ ಹೇರಿದ ಲಾರಿಗಳು ನಮ್ಮಲ್ಲಿ ಎಡಸಾಲನ್ನು ಬಿಟ್ಟು ಬಲಸಾಲಿನಲ್ಲಿಯೇ ಹೋಗುವುವೆಂಬ ದೂರು ಬಹಳ ಹಳೆಯದು. ದೂರಿನಲ್ಲಿ ಸತ್ಯವಿದೆ. ಆದರೆ ಎಡಸಾಲಿನಲ್ಲಿ ಏನೇನಿರುತ್ತದೆ ಎಂಬುದನ್ನೂ ದೂರು ಹೇಳುವವರು ನೋಡಬೇಕು: ಟೈರು ಬಿಚ್ಚಿಕೊಂಡು ನಿಂತ ಲಾರಿ, ಎದುರುದಿಕ್ಕಿನಿಂದ ಬರುತ್ತಿರುವ ಮೋಟಾರು ಸೈಕಲ್ಲು, ಬಸ್ಸಿಗಾಗಿ ಕಾದಿರುವ ಹೆಂಗಸರು, ಎಳನೀರಿನ ಗಾಡಿ. ನಿಧಾನವಾಗಿ ನಿಲ್ಲುವ, ನಿಧಾನವಾಗಿ ಹೊರಡುವ ಯಂತ್ರವನ್ನು ನಡೆಸುವವನು ಅನಿರೀಕ್ಷಿತವಾದುದು ಅತ್ಯಂತ ಕಡಿಮೆ ಇರುವ ಸಾಲನ್ನು ಆರಿಸಿಕೊಳ್ಳುವುದು ಅಸಭ್ಯತೆಯೇ ಇರಬಹುದು, ಅವಿವೇಕವಂತೂ ಅಲ್ಲ. ಆ ಆಯ್ಕೆಯ ಫಲವಾಗಿ ಕಾರುಗಳು ಎಡದಿಂದ ಹಿಂದಿಕ್ಕುತ್ತವೆ, ಎಂದರೆ ಅವನಿಗೆ ಕಾಣದ ದಿಕ್ಕಿನಿಂದಲೇ. ಸರ್ವಿಸ್ ರಸ್ತೆಯಿಂದ ಸೇರಲು ಬರುವವನು ಎದುರಿಸಬೇಕಾದುದು ಇಂತಹ ಎಡದ ಸಾಲನ್ನು.

ನಮ್ಮ ಲಾರಿಗಳ ಎಡಗಡೆಯ ಕುರುಡಿಗೆ ಬಹುಕಾಲ ಇದ್ದ ಔಷಧವು ಕನ್ನಡಿಯಾಗಿರಲಿಲ್ಲ, ಕ್ಲೀನರನಾಗಿದ್ದನು. ಎಡಬಾಗಿಲಿನಿಂದ ಅರ್ಧ ಮೈಯನ್ನು ಹೊರಗೆ ಚಾಚಿ, ಅಂಗೈಯಿಂದ ತಗಡನ್ನು ಬಡಿದು, ಬರುವವನಿಗೆ ತಡೆಯೆಂದು ಕೈಮಾಡಿ, ಒಳಗಿನ ಚಾಲಕನಿಗೆ "ಬರ್ಲಿ ಬರ್ಲಿ, ರೈಟ್" ಎಂದು ಕೂಗುವ ಆ ಹುಡುಗನು, ಕಾನೂನಿನ ಯಾವ ಪುಸ್ತಕವೂ ಗುರುತಿಸದ ಸುರಕ್ಷತಾ ಸಾಧನ. ಕೂಲಿಯ ಖರ್ಚನ್ನು ಉಳಿಸಲೆಂದು ಮಾಲೀಕರು ಕ್ಲೀನರನನ್ನು ಕೈಬಿಡುತ್ತಿರುವುದರಿಂದ ಇಂದು ಅನೇಕ ಲಾರಿಗಳಲ್ಲಿ ಆ ಆಸನವು ಖಾಲಿ. ಎರಡನೆಯ ಔಷಧವು ಹಾರ್ನು; ಲಾರಿಯ ಹಿಂಬದಿಯಲ್ಲಿ ಹಾರ್ನ್ ಮಾಡಿರೆಂದು ಬಣ್ಣದಲ್ಲಿ ಬರೆಯಿಸಿರುವುದನ್ನು ನಾವು ನಗುತ್ತ ಓದುತ್ತೇವೆ, ಆದರೆ ಅದು ನನಗೆ ನೀನು ಕಾಣುವುದಿಲ್ಲ ಎಂದು ಚಾಲಕನು ಮಾಡಿಕೊಂಡ ಬಹಿರಂಗವಾದ ನಿವೇದನೆ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವು ಕಡ್ಡಾಯವಾಗಿದೆ. ಬೇಸಗೆಯಲ್ಲಿ ಎಂಜಿನ್ನಿನ ಪಕ್ಕದಲ್ಲಿ ಬೇಯುವವನಿಗೆ ಇದು ತಡವಾಗಿ ಸಂದ ನ್ಯಾಯ, ಬಳಲಿಕೆಯೂ ಕಡಿಮೆಯಾದೀತು. ಆದರೆ ಕಿಟಕಿಗಳು ಮುಚ್ಚಿಕೊಂಡರೆ ಹೊರಗಿನ ಹಾರ್ನಿನ ದನಿಯೂ ಮೆತ್ತಗಾಗುತ್ತದೆಂಬುದನ್ನು ಮರೆಯುವಂತಿಲ್ಲ.

ಬಳಲಿಕೆಯ ವಿಷಯದಲ್ಲಿ ನಮಗೆ ಕಾನೂನಿರಲಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯೆಂದೂ, ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ವಿರಾಮವೆಂದೂ ವಿಧಿಸಿತು; ಆದರೆ ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯಿಸುತ್ತಿದ್ದುದರಿಂದ, ಒಂದೆರಡು ಲಾರಿಗಳನ್ನಿಟ್ಟುಕೊಂಡು ಬಾಡಿಗೆ ಹೊಡೆಯುವ ಮಾಲೀಕನ ಚಾಲಕನು ಅದರ ಹೊರಗೆ ಉಳಿದನು. ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಗೆ 1,68,491 ಮಂದಿ ಬಲಿಯಾದರೆಂದು ಕೇಂದ್ರ ಸರ್ಕಾರದ ವರದಿಯು ಹೇಳುತ್ತದೆ. ಅವರಲ್ಲಿ ಎಷ್ಟು ಮಂದಿ ತೂಕಡಿಸಿದವನ ಕೈಯಿಂದ ಸತ್ತರೆಂಬುದು ಅಂಥ ಅಂಕಿಗಳಿಂದ ಹೊರಪಡುವ ಸಂಗತಿಯಲ್ಲ.

ಮತ್ತೆ ಕಣ್ಣಿನ ವಿಚಾರಕ್ಕೆ ಬರುವುದಾದರೆ, ಲಂಡನ್ ನಗರವು 12 ಟನ್ನಿಗೆ ಮೀರಿದ ಲಾರಿಗಳಿಗೆ ಒಂದು ಪರೀಕ್ಷೆಯನ್ನು ಗೊತ್ತುಮಾಡಿದೆ: ಆಸನದಲ್ಲಿ ಕುಳಿತ ಚಾಲಕನಿಗೆ, ಕನ್ನಡಿಯ ನೆರವಿಲ್ಲದೆ, ಕಿಟಕಿಗಳಿಂದ ನೇರವಾಗಿ ಸುತ್ತಮುತ್ತ ಎಷ್ಟು ಕಾಣುತ್ತದೆ ಎಂಬುದನ್ನು ಅಳೆದು ನಕ್ಷತ್ರಗಳನ್ನು ಕೊಡುವುದು. 2024ರ ಅಕ್ಟೋಬರಿನಿಂದ ಮೂರು ನಕ್ಷತ್ರ ಪಡೆಯದ ಲಾರಿಯು ಹೆಚ್ಚಿನ ಕ್ಯಾಮೆರಾ ಮತ್ತು ಸಂವೇದಕಗಳನ್ನು ತೊಡದೆ ಆ ನಗರವನ್ನು ಹೊಗುವಂತಿಲ್ಲ. ಪಾದಚಾರಿಗಳನ್ನೂ ಸೈಕಲ್ಲಿನವರನ್ನೂ ಉದ್ದೇಶಿಸಿ ಮಾಡಿದ ಈ ನಿಯಮವು ಎಡಬಾಗಿಲಿನ ಕೆಳಗೆ ಬಂದು ಸೇರುವ ಕಾರಿಗೂ ಉಪಕಾರವಾಗದಿರದು. ನಮ್ಮಲ್ಲಿ ಲಾರಿಯು ಎಫ್.ಸಿ.ಗೆಂದು ಆರ್.ಟಿ.ಒ. ಅಂಗಳಕ್ಕೆ ಬಂದು ನಿಲ್ಲುವಾಗ ಇಂಥದೊಂದು ಅಳತೆಯನ್ನು ತೆಗೆಯಲು ದುಬಾರಿಯಾದ ಯಂತ್ರವೇನೂ ಬೇಡ: ಎಡಬಾಗಿಲಿನ ಪಕ್ಕದಲ್ಲಿ ಒಂದು ಕಾರನ್ನು ನಿಲ್ಲಿಸಿ, ಚಾಲಕನನ್ನು ಅವನ ಆಸನದಲ್ಲಿ ಕೂರಿಸಿ, ಕಾಣುತ್ತದೆಯೇ ಎಂದು ಕೇಳಿದರೆ ಆಯಿತು.